ಡರ್ಬನ್‌ನಾಗ ಹಡಗು ಹತ್ತಿದಾಂವ

೧೮ ನವೆಂಬರ್ ೨೦೨೪, ಸೋಮವಾರ

ಮುಂಜಾನೆ ಅಪ್ಪಗ ನೆಬ್ಯುಲೈಸರ್ ಹಚ್ಚಿ, ನಾಲ್ಕ ರೊಟ್ಟಿ ಬಡದು, ಡಬ್ಬಿ ಕಟ್ಟಿ, ಕೊಂಢವಾದಿಂದ ಎಂಟೂ ಹತ್ತರ ಬಸ್. ಇವತ್ತೂ ನಿಂತ ಹೋದೆ. ಕಾಲೇಜಿನ ರೆಕಾರ್ಡ್ ರೂಮಿನ್ಯಾಗ ೧೯೮೮ರ ಅಡ್ಮಿಶನ್ ರಜಿಸ್ಟರ್‌ಗೋಳು. ಅರ್ಧ ಹುಳ ತಿಂದಾವ. ಮೂವತ್ತೊಂದು ವರ್ಷ ಇದ ಕೆಲಸ. ಮೇ ಕೊನೀಗೆ ರಿಟೈರ್.

ಊಟದ ಹೊತ್ತಿನ್ಯಾಗ ಮೊಬೈಲ್ ತಗದು ಆ ಕಾಗದದ ಫೋಟೋ ಮತ್ತ ಓದಿದೆ. ಕಳದ ತಿಂಗಳ ದೌಂಡದಿಂದ ಅಪ್ಪನ್ನ ಇಲ್ಲಿಗೆ ಕರಕೊಂಡ ಬರೂ ಮುಂದ ಟ್ರಂಕಿನ ಬುಡದಾಗ ಸಿಕ್ಕದ್ದು. ಮುಂಬೈ, ಸಪ್ಟೆಂಬರ್ ೧೯೪೨. ಇಂಗ್ಲಿಷ್, ನಾಕ ಸಾಲು. ಸಂಕಪ್ಪ ನಿಜಲಿಂಗಪ್ಪ, ಆಲ್ವರ್ಟನ್ ಹಡಗಿನ ಕಲ್ಲಿದ್ದಲ ಹೊರೂ ಆಳು, ೧೪ ಮೇ ದಿನ ಡರ್ಬನ್ ಬಂದರಿನ್ಯಾಗ ಹಡಗು ಬಿಟ್ಟು ಓಡಿಹೋಗ್ಯಾನ. ಕಂಪನಿಗೆ ಇನ್ನ ಅವನ ಸಂಬಂಧ ಇಲ್ಲ.

ಸಂಕಪ್ಪ ಅಂದ್ರ ಅಪ್ಪನ ಅಪ್ಪ. ನನ್ನ ಮುತ್ಯಾ. ಇಂಡಿ ಕಡೇ ಹಳ್ಳಿಯಾಂವ. ಸಮುದ್ರ ಕಂಡವನಲ್ಲ. ಸೊಲ್ಲಾಪುರದ ಮಿಲ್ಲು, ಅಲ್ಲಿಂದ ಮುಂಬೈ ಬಂದರ, ಅಲ್ಲಿಂದ ಹಡಗು. ಹೋಗೂ ಮುಂದ ಅಪ್ಪಗ ಎರಡು ವರ್ಷ. ಈ ಕಾಗದ ಊರಿಗೆ ಬಂದಾಗ ಸಾಲಿ ಮಾಸ್ತರ ಕಟ್ಟೀ ಮ್ಯಾಲ ನಿಂತ ಓದಿ ಹೇಳಿದ್ನಂತ. ಆವತ್ತಿನಿಂದ ಅಪ್ಪ ‘ಓಡಿಹೋದವನ ಮಗ’. ಊರಾಗ ಅದ ಹೆಸರು. ಕನ್ಯಾ ಕೇಳಾಕ ಹೋದಲ್ಲೂ ಎರಡ ಕಡೆ ಅದ ಮಾತು ಬಂತಂತ.

ಅಪ್ಪಗ ಈಗ ಎಂಬತ್ತಾರು.

೨೪ ನವೆಂಬರ್, ಭಾನುವಾರ

ನಮ್ಮ ಬಿಲ್ಡಿಂಗಿನ ಮೂರನೇ ಮಜಲಿನ ಋಷಿಕೇಶ ಸರ್ ಮನೀಗೆ ಹೋಗಿದ್ದೆ. ಮರ್ಚಂಟ್ ನೇವಿಯೊಳಗ ಚೀಫ್ ಎಂಜಿನಿಯರ್ ಇದ್ದವರು, ಎಪ್ಪತ್ತೆರಡು ವರ್ಷ, ಒಬ್ಬರ ಇರತಾರ. ಮಾತೆಲ್ಲಾ ಮರಾಠಿ. ಕಾಗದ ಓದಿ ಚಸ್ಮಾ ತಗದ್ರು.

"ರೇಣುತಾಈ, ಬ್ಯಾಸರ ಮಾಡ್ಕೋಬ್ಯಾಡ್ರಿ. ಡೆಸರ್ಟರ್ ಅಂತ ಬರದಾರ ಅಂದ್ರ ಡೆಸರ್ಟರ್. ಯುದ್ಧದಾಗ ಸಾವಿರಾರು ಮಂದಿ ಇಳದ ಹೋದ್ರು. ತಪ್ಪಲ್ಲ ಅದು. ಜೀವದ ಆಸೆ."

"ಸರ್, ನಾನು ಮೂವತ್ತೊಂದು ವರ್ಷ ರಜಿಸ್ಟರ್ ನೋಡೇನಿ. ಬರದದ್ದ ಬ್ಯಾರೆ, ಆದದ್ದ ಬ್ಯಾರೆ. ಫೇಲ್ ಅಂತ ಬರದ ಹುಡುಗುರು ಪಾಸ್ ಆಗಿದ್ದು ಎಷ್ಟ ನೋಡೇನಿ."

ನಕ್ಕರು. ಲಿವರ್‌ಪೂಲಿನ್ಯಾಗ ಹಳೇ ಸ್ನೇಹಿತ ಒಬ್ಬ ಇದ್ದಾನಂತ. ಹಡಗಿನ ಲಾಗ್‌ಬುಕ್ ಇನ್ನೂ ಇದ್ರ ಫೋಟೋ ತಗಸೂಣು ಅಂದ್ರು. "ಆದ್ರ ಸಿಕ್ಕದ್ದನ್ನ ನಿಮ್ಮ ಅಪ್ಪಗ ಹೇಳೂ ಧೈರ್ಯ ಇಟ್ಕೊಂಡ ಕೇಳ್ರಿ."

ಧೈರ್ಯ ಅದ.

೧೯ ಡಿಸೆಂಬರ್, ಗುರುವಾರ

ಲಾಗ್ ಬಂತು. ಆಲ್ವರ್ಟನ್, ಡರ್ಬನ್, ೧೪ ಮೇ ೧೯೪೨. ಬಾಯ್ಲರ್ ಕೋಣಿಯ ಹನ್ನೊಂದು ಮಂದಿ ಒಲಿ ಹಚ್ಚೂದಿಲ್ಲ ಅಂದ್ರಂತ. ಕಾರಣನೂ ಬರದಾನ ಕ್ಯಾಪ್ಟನ್, ಸಿಟ್ಟಿನ್ಯಾಗ: ಲೈಫ್‌ಬೋಟ್ ಎರಡು ಕೊಳತಾವ ಅಂತ ಇವರ ತಕರಾರು. ಹೊಸಾವು ಹಾಕೂ ತನಕ ಉಗಿ ಏರಸಂಗಿಲ್ಲ. ಪೊಲೀಸರನ್ನ ಕರಸ್ದೆ ಅಂತ ಬರದಾನ. ಮ್ಯಾಜಿಸ್ಟ್ರೇಟ್ ಆರು ವಾರ ಸಜಾ ಕೊಟ್ಟ. ಹಡಗು ಅವರನ್ನ ಬಿಟ್ಟ ಹೊಂಟಿತು.

ಹನ್ನೊಂದು ಹೆಸರು. ಒಂಬತ್ತನೇದ್ದು — ‘ಶಂಕರ್ಪಾ’. ಎಲ್ಲಾರ ಮುಂದ ಒಂದ ಶಬ್ದ. ಡೆಸರ್ಟೆಡ್.

ಓಡಿಹೋಗಿಲ್ಲ. ಜೇಲಿಗೆ ಹೋಗ್ಯಾನ. ಓಡಿ ಹೋದಾಂವ ಬ್ಯಾರೆ, ನಿಂತು ‘ಇಲ್ಲ’ ಅಂದಾಂವ ಬ್ಯಾರೆ.

ಸಂಜೀಕ ಅಪ್ಪಗ ಹೇಳ್ದೆ. ಗೋಡೀಗೆ ಆತು ಕೂತಿದ್ದ. ಕೇಳ್ದ. ಊಟಕ್ಕ ಎದ್ದ ಬರಲಿಲ್ಲ. ನನ್ನ ಗಂಡ ಮನೋಹರ ಹಾಲು ಕುಡಿಸಿ ಮಲಗಸಿದ್ರು.

೨೨ ಡಿಸೆಂಬರ್, ಭಾನುವಾರ

ಮೂರು ದಿನ ಆತು, ಅಪ್ಪ ಮಾತಾಡಿಲ್ಲ. ತಪ್ಪ ಮಾಡಿದ್ನೇನ?

ಸಂಜೀಕ ನಾನು ಮೆಂತೆ ಸೋಸಾಕತ್ತಿದ್ದೆ. ಬಂದು ಎದುರಿಗೆ ಕೂತ. ಒಂದ ಕಟ್ಟು ತಾನೂ ತಗೊಂಡ.

"ನಾನೂ ಹಂಗ ಅಂದಿದ್ದೆ," ಅಂದ. "ಎಪ್ಪತ್ತೊಂದರಾಗ. ದೌಂಡ ಶೆಡ್ಡಿನ್ಯಾಗ. ಎಂಜಿನ್ ಗೇಜ್ ಗ್ಲಾಸ್ ಒಡದಿತ್ತು. ನೀರು ಎಷ್ಟದ ತಿಳೀದ ಬೆಂಕಿ ಹಾಕಾಂಗಿಲ್ಲ ಅಂದೆ. ಚಾರ್ಜ್‌ಶೀಟ್ ಕೊಟ್ಟರು."

ಅಪ್ಪ ರೈಲ್ವೆಯೊಳಗ ಸ್ಟೀಮ್ ಎಂಜಿನ್ನಿಗೆ ಕಲ್ಲಿದ್ದಲಿ ಹಾಕೂ ಫೈರ್‌ಮನ್ ಆಗಿ ಸೇರಿದಾಂವ, ಡ್ರೈವರ್ ಆಗಿ ರಿಟೈರ್ ಆದಾಂವ. ಎದೀ ತುಂಬ ಕಲ್ಲಿದ್ದಲಿ ಧೂಳು. ಇದನ್ನ ಎಂದೂ ಹೇಳಿದ್ದಿಲ್ಲ.

"ಸಜಾ ಆರು ವಾರ ಅಂದಿ. ಆಮ್ಯಾಲ? ಆರು ವಾರ ಆದ ಮ್ಯಾಲ ಎಲ್ಲಿ ಹೋದ? ಅದನ್ನ ನೋಡು."

ನೋಡ್ತೀನಿ ಅಂದೆ. ನೋಡೇ ನೋಡ್ತೀನಿ.

೭ ಜನವರಿ ೨೦೨೫, ಮಂಗಳವಾರ

ಡರ್ಬನ್‌ದವರಿಗೆ ಐದನೇ ಮೇಲ್. ಅಲ್ಲೆ ಹಳೇ ದಾಖಲೆ ಇಡೂ ಕಚೇರಿ ಒಂದದ. ಸಂಕಪ್ಪ, ಶಂಕರ್ಪಾ, ಸುಂಕಾಪಾ, ಸಂಕ್ಯಾಪ... ಒಬ್ಬ ಮನಷ್ಯಾಗ ಹದಿನಾರು ನಮೂನಿ ಸ್ಪೆಲ್ಲಿಂಗ್ ಮಾಡಿ ಪಟ್ಟಿ ಕಳಸಿದೆ. ಉತ್ತರ ಇಲ್ಲ.

ಪ್ರಿನ್ಸಿಪಾಲರು ಕೇಳಿದ್ರು, ಊಟದ ಹೊತ್ತಿನ್ಯಾಗ ಏನ ಟೈಪ್ ಮಾಡತೀರಿ ಅಂತ. ನಮ್ಮ ಮುತ್ಯಾನ್ನ ಹುಡಕಾಕತ್ತೇನ್ರಿ ಅಂದೆ. ಕಳದಾರೇನು ಅಂದ್ರು. ಹೌದ್ರಿ, ಎಂಬತ್ತೆರಡು ವರ್ಷ ಆತು.

೨೬ ಫೆಬ್ರುವರಿ, ಬುಧವಾರ. ಶಿವರಾತ್ರಿ, ಸೂಟಿ

ಉತ್ತರ ಬಂತು!! ಗೋವೆಂಡರ್ ಅನ್ನೂ ಬಾಯಿ, ಆ ಕಚೇರಿಯಾಕಿ. ಆಕಿ ಮುತ್ಯಾನೂ ಹಡಗು ಹತ್ತಿ ಮದ್ರಾಸ್ ಕಡಿಂದ ಕಬ್ಬಿನ ತೋಟಕ್ಕ ಹೋದವನಂತ. ತಡಾ ಆಗಿದ್ದಕ್ಕ ಕ್ಷಮಾ ಕೇಳ್ಯಾಳ. ಜೇಲಿನ ಬಿಡುಗಡೆ ರಜಿಸ್ಟರಿನ ಒಂದು ಪುಟದ ಫೋಟೋ ಕಳಸ್ಯಾಳ.

‘ಶುಂಕರಪಾ ನಿಜಲಿಂಗಾ. ಬಿಜಾಪುರ. ವಯಸ್ಸು ೨೪. ಬಿಡುಗಡೆ ೨೬ ಜೂನ್ ೧೯೪೨. ಪೊಲೀಸ್ ಕಾವಲಿನಲ್ಲಿ ಎಸ್.ಎಸ್. ಕೆಲ್‌ಬ್ರೂಕ್ ಹಡಗಿಗೆ.’

ನಿಜಲಿಂಗಾ! ಮುತ್ಯಾನ ಅಪ್ಪನ ಹೆಸರು. ಅದ ಹೆಸರನ್ನ ಅಪ್ಪಗ ಇಟ್ಟಾರ. ಗುಡಿಗೆ ಹೋಗೂದ ಮರತು ಕೂತಬಿಟ್ಟೆ.

ಕೆಲ್‌ಬ್ರೂಕ್. ಇನ್ನ ಈ ಹಡಗಿನ ಜಾತಕ ಬೇಕು.

೧ ಮಾರ್ಚ್, ಶನಿವಾರ

ಋಷಿಕೇಶ ಸರ್‌ಗೂ ಈಗ ಹುಚ್ಚ ಹಿಡದದ. ಎರಡು ದಿನ ಅವರ ಕಂಪ್ಯೂಟರ್ ಮುಂದ ಕೂತು ಇಬ್ಬರೂ ಬರಕೊಂಡದ್ದು:

ಮೊದಲ್ನೇ ಮಹಾಯುದ್ಧದಾಗ ಅವಸರದಾಗ ಕಟ್ಟಿದ ಹಡಗು. ಇಂಗ್ಲಂಡಿನ ಉತ್ತರದ ಕಡೆ. ಸರಕಿನ ಹಡಗು, ಐದು ಸಾವಿರ ಟನ್. ಎರಡು ಬಾಯ್ಲರ್, ಕಲ್ಲಿದ್ದಲಿ ಒಲಿ, ತಾಸಿಗೆ ಒಂಬತ್ತು ಮೈಲು. ಮೂರು ಮಾಲಕರು, ಮೂರು ಹೆಸರು, ಕೆಲ್‌ಬ್ರೂಕ್ ಕೊನೇದ್ದು. ಮೂವತ್ತರ ದಶಕದಾಗ ನಾಕ ವರ್ಷ ಒಂದು ಹೊಳಿಯೊಳಗ ತುಕ್ಕ ಹಿಡಕೋತ ನಿಂತಿತ್ತು. ಒಡದು ತೂಕಕ್ಕ ಮಾರೂ ಮೋಡಕಾದವರಿಗೆ ಕೊಡೂ ಮಾತಾಗಿತ್ತು. ಅಷ್ಟರಾಗ ಎರಡ್ನೇ ಯುದ್ಧ. ಬಣ್ಣ ಬಳದು ಮತ್ತ ನೀರಿಗೆ. ಕೆನಡಾದಿಂದ ಗೋದಿ ಒಯ್ದದ. ಒಮ್ಮೆ ಬಾಂಬ್ ಬಿದ್ದು ಮ್ಯಾಲಿನ ಕೋಣಿ ಸುಟ್ಟದ. ಈಜಿಪ್ತಿಗೆ ಟ್ಯಾಂಕ್ ಒಯ್ದದ. ೧೯೪೨ರ ಮೇ, ಬಾಯ್ಲರ್ ಕೆಟ್ಟು ಡರ್ಬನ್‌ನಾಗ ಐದು ವಾರ ರಿಪೇರಿ.

೩ ಜುಲೈ ಡರ್ಬನ್ ಬಿಟ್ಟದ. ಲಾರಿ, ಟಯರ್, ಸಿಮೆಂಟ್ ತುಂಬಕೊಂಡು.

ಎಲ್ಲಿಗೆ ಹೊಂಟಿತ್ತು ಅಂತ ಸರ್ ಪರದೆ ಮ್ಯಾಲ ಬೆರಳಿಟ್ಟು ತೋರ್ಸಿದ್ರು. ಓದಿದೆ. ಮತ್ತೊಮ್ಮೆ ಓದಿದೆ.

ಮುಂಬೈ.

ಮನೀಗೆ ಬರಾಕತ್ತಿದ್ದ.

ಅದರ ಕೆಳಗಿನ ಸಾಲೂ ಓದಿದೆ. ೧೧ ಜುಲೈ ೧೯೪೨. ಆಫ್ರಿಕಾದ ದಂಡಿಗೆ ಮೊಝಾಂಬಿಕ್ ಕಾಲುವೆಯೊಳಗ, ಜಲಾಂತರ್ಗಾಮಿಯ ಟಾರ್ಪೆಡೋ. ಮಧ್ಯಾಹ್ನ. ಮುಳಗಿತು. ಐವತ್ತೊಂಬತ್ತು ಮಂದಿಯೊಳಗ ಐವತ್ತೆಂಟು ಉಳದ್ರು.

ಒಬ್ಬ ಹೋದ.

ಸರ್ ಎದ್ದು ಹೋಗಿ ನೀರ ತಂದ ಕೊಟ್ರು. "ಒಬ್ಬ ಅಂದ್ರ ಯಾರೂ ಇರಬಹುದು, ತಾಈ," ಅಂದ್ರು. ಇಬ್ಬರಿಗೂ ಗೊತ್ತಿತ್ತು.

ಅಪ್ಪಗ ಇವತ್ತ ಹೇಳಲಿಲ್ಲ. ಮೊದಲ ಖಾತ್ರಿ ಆಗಲಿ.

೧೬ ಮಾರ್ಚ್, ಭಾನುವಾರ

ಲಿವರ್‌ಪೂಲಿನ ಸ್ನೇಹಿತ ಕ್ಯಾಪ್ಟನ್ನನ ಹೇಳಿಕೆ ಕಳಸ್ಯಾನ. ಉಳದ ಬಂದ ಮ್ಯಾಲ ಸರಕಾರದವರ ಮುಂದ ಕೊಟ್ಟದ್ದು. ಎರಡು ಪುಟ. ನಡುವಿನ ಭಾಗ ನಾನ ಕನ್ನಡಕ್ಕ ಇಳಿಸಿದೆ, ಅಪ್ಪಗ ಓದಿ ಹೇಳಾಕ:

‘ಬಾಯ್ಲರ್ ಕೋಣೆಯ ಪಾಳಿಯವರೆಲ್ಲ ಮೇಲೆ ಬಂದರು, ಒಬ್ಬನನ್ನು ಬಿಟ್ಟು. ಅವನು ಡರ್ಬನ್‌ನಲ್ಲಿ ಜೈಲಿನಿಂದ ತೆಗೆದುಕೊಂಡ ಆಳು. ಹೆಸರು ನನಗೆ ಗೊತ್ತಿಲ್ಲ. ಎರಡು ನಿಮಿಷದ ನಂತರ ಚಿಮಣಿಯ ಬದಿಯ ಕೊಳವೆಯಿಂದ ಉಗಿ ಹೊರಡತೊಡಗಿತು. ಸೇಫ್ಟಿ ವಾಲ್ವ್ ತಾನಾಗಿ ತೆರೆದಿರಬೇಕು. ಹಡಗು ಮುಳುಗುವವರೆಗೆ, ಹನ್ನೊಂದು ನಿಮಿಷ, ಒಂದೇ ಸಮ ಊದುತ್ತಿತ್ತು. ಆ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಲಿಲ್ಲ. ನಾಲ್ಕೂ ದೋಣಿ ಇಳಿಸಿದೆವು.’

ಹೆಸರು ನನಗೆ ಗೊತ್ತಿಲ್ಲ. ಡರ್ಬನ್ ಬಿಟ್ಟಾಗಿಂದ ಎಂಟು ದಿನ ಆ ಹಡಗಿನ್ಯಾಗ ಕಲ್ಲಿದ್ದಲ ಹೊತ್ತಾನ. ಕೇಳಬಾರದಾಗಿತ್ತ?

ಅಪ್ಪನ ಮುಂದ ಕೂತು ಎಲ್ಲಾ ಹೇಳ್ದೆ. ಜೇಲು, ಕೆಲ್‌ಬ್ರೂಕ್, ಮುಂಬೈಗೆ ಹೊಂಟದ್ದು, ಮುಳಗಿದ್ದು. ಕ್ಯಾಪ್ಟನ್ನನ ಮಾತು ಓದಿದೆ. ಅಪ್ಪ ಕಣ್ಣು ಮುಚ್ಚಿದ್ದ. ನಿದ್ದಿ ಹತ್ತಿತೇನ ಅಂದ್ಕೊಂಡೆ.

"ಉಗಿ ಮಾತು ಮತ್ತೊಮ್ಮೆ ಓದು."

ಓದಿದೆ.

"ಒಂದೇ ಸಮ ಅಂತ ಬರದಾನ?"

"ಹೌದಪಾ."

"ತಾನ ತೆರದದ್ದಲ್ಲ ಅದು." ಕಣ್ಣ ತಗದ. "ಸೇಫ್ಟಿ ವಾಲ್ವ್ ತಾನ ಎದ್ರ, ಪ್ರೆಶರ್ ಇಳದ ಕೂಡ್ಲೆ ಕೂಡತದ. ಮತ್ತ ಏಳತದ. ಮತ್ತ ಕೂಡತದ. ಒಲಿಗೆ ಕಲ್ಲಿದ್ದಲಿ ಹಾಕಾವ್ರು ಎಲ್ಲಾ ಮ್ಯಾಲ ಹೋಗ್ಯಾರ. ಹನ್ನೊಂದ ನಿಮಿಷ ನಿಲ್ಲದ ಊದೇದ ಅಂದ್ರ ಯಾಂವೋ ಜಗ್ಗಿ ಹಿಡದಾನ."

"ಯಾಕ ಹಿಡೀಬೇಕು?"

"ಯಾಕ ಅಂದ್ರ? ಎಂಜಿನ್ ನಿಂತದ, ಒಲಿ ಧಗಧಗ ಉರಿಯಾಕತ್ತದ, ತಣ್ಣನ ನೀರು ಒಳಗ ನುಗ್ಗಾಕತ್ತದ. ಉಗಿ ಬಿಡದಿದ್ರ ಬಾಯ್ಲರ್ ಒಡೀತದ ಯವ್ವಾ. ದೋಣಿ ಎಲ್ಲಿ ಇಳಸ್ತಾರ? ಅಲ್ಲೇ ಬಾಜೂಕ."

ಉಸರಾಟ ಏರಿತು. ನೆಬ್ಯುಲೈಸರ್ ತರಾಕ ಎದ್ದೆ. ಕೈ ಹಿಡದು ಕೂಡಸಿದ.

"ನನ್ನ ಸರ್ವಿಸಿನ್ಯಾಗ ಅಂಥಾದ್ದು ಎಂದೂ ಬರಲಿಲ್ಲ. ಬಂದಿದ್ರ ಏನ ಮಾಡ್ತಿದ್ನೋ ಗೊತ್ತಿಲ್ಲ," ಅಂದ.

೧೭ ಮಾರ್ಚ್, ಸೋಮವಾರ

ಋಷಿಕೇಶ ಸರ್‌ಗೆ ಅಪ್ಪನ ಮಾತು ಹೇಳ್ದೆ. ಹಳೇ ಹಡಗಿನ್ಯಾಗ ವಾಲ್ವ್ ಎತ್ತೂ ಹಿಡಿಕಿ ಮ್ಯಾಲೂ ಇರ್ತಿತ್ತು, ತೆಳಗೂ ಇರ್ತಿತ್ತಂತ. ಮ್ಯಾಲಿಂದ ಯಾರರೆ ಎತ್ತಿದ್ರ ಹೇಳಿಕೆಯೊಳಗ ಬರತಿತ್ತು. "ನಿಮ್ಮ ತಂದಿ ಹೇಳೂದ ಖರೇ ಇರಬಹುದು. ಆದ್ರ ಇದು ಪುರಾವೆ ಅಂತ ನಾ ಸಹಿ ಮಾಡ್ಲಿಕ್ಕೆ ಬರೂದಿಲ್ಲ. ಒಲಿ ಪೂರಾ ಇದ್ರ ವಾಲ್ವ್ ಭಾಳ ಹೊತ್ತು ತಾನೂ ಊದತದ."

ಸಿಟ್ಟ ಬಂತು. ಆದ್ರ ಸರ್ ಸುಳ್ಳ ಹೇಳಂಗಿಲ್ಲ. ಅದಕ್ಕ ಅವರ ಹಂತ್ಯಾಕ ಹೋಗೂದು.

ನಿರ್ಧಾರ: ಅರ್ಜಿಯೊಳಗ ಉಗಿ ಮಾತು ಬರಿಯಾಂಗಿಲ್ಲ. ಯುದ್ಧದಾಗ ಸತ್ತವರ ಹೆಸರು ಇಡೂ ಕಚೇರಿ ಇಂಗ್ಲಂಡಿನ್ಯಾಗ ಅದ, ಅಲ್ಲೇ ಮುತ್ಯಾನ ಹೆಸರು ಸೇರಸ್ರಿ ಅಂತ ಅರ್ಜಿ. ಅವರಿಗೆ ಹೆಸರು, ಹಡಗು, ತಾರೀಖು ಅಷ್ಟ. ಸಾಬೀತ ಆಗೂದು ಅಷ್ಟ.

ಉಗಿ ಅಪ್ಪನ ಹತ್ರ ಇರಲಿ.

೨೩ ಮಾರ್ಚ್, ಭಾನುವಾರ

ತಮ್ಮ ಮಾಂತು ದೌಂಡದಿಂದ ಬಂದಿದ್ದ. ಅರ್ಜಿ ಮಾತು ತಗದೆ. ಕೇಳಿ ಮುಖ ಸಣ್ಣ ಮಾಡ್ದ.

"ಅಕ್ಕಾ, ಆಯಿ ಹಣೀ ತುಂಬ ಕುಂಕುಮ ಇಟ್ಕೊಂಡ ಹೋದ್ಳು. ಮುತ್ತೈದಿ ಅಂತ ಹಸರ ಬಳಿ ಇಡಸಿ ಮಣ್ಣ ಮಾಡಿದ್ವಿ. ಈಗ ಸರಕಾರಿ ಕಾಗದ ತಂದು ಆಕಿನ್ನ ವಿಧವಿ ಮಾಡ್ತೀ ಏನ?"

ಅರ್ಜಿ ಫೈಲ್ ಮಡಚಿ ಬಾಜೂಕ ಇಟ್ಟೆ.

ಆಯಿ, ಅಪ್ಪನ ಅವ್ವ, ಭೀಮವ್ವ. ಎಂಬತ್ತೊಂದರಾಗ ತೀರಿಕೊಂಡ್ಳು. ನನಗ ಹದಿನಾಕು. ಒಮ್ಮೆ ಕೇಳಿದ್ದೆ, ಓಡಿಹೋದವನ ಹೆಸರಿನ ಕುಂಕುಮ ಯಾಕ ಹಚ್ಚಕೋತಿ ಅಂತ. "ಓಡಿದ್ರ ಏನಾತವಾ? ಓಡಾವ್ರು ಜೀವಂತ ಇರತಾರ," ಅಂದಿದ್ಳು. ಆವಾಗ ತಿಳೀಲಿಲ್ಲ. ಊರೆಲ್ಲಾ ಯಾವ ಮಾತಿಂದ ಚುಚ್ಚತಿತ್ತೋ, ಆಕಿ ಅದ ಮಾತ ಹಿಡಕೊಂಡ ಬದಕ್ಯಾಳ. ಎಲ್ಲೋ ಆಫ್ರಿಕಾದಾಗ ಉಂಡು ತಿಂದು ಇದ್ದಾನ ಅಂತ. ಬ್ಯಾರೆ ಹೆಂಡತಿ ಮಕ್ಕಳಿದ್ರೂ ಇರಲಿ ಅಂತ.

ಹೊಸದ ಯೋಚನಿ. ನಾಕ ತಿಂಗಳ ಹುಡಕಿದ್ದು ಆಕಿಗೆ ದ್ರೋಹ ಏನ?

ಅರ್ಜಿ ಕಳಸಿಲ್ಲ.

೨೬ ಮಾರ್ಚ್, ಬುಧವಾರ

ಅಪ್ಪಗ ಗೊತ್ತಾಗೇದ, ನಾನು ತಡದೇನಿ ಅಂತ. ಮುಂಜಾನೆ ಚಾ ಕುಡಕೋತ ತಾನ ಎತ್ತಿದ.

"ಮಾಂತು ಹೇಳೂದ ಕೇಳಿದೆ. ಅಂವ ಆಯಿ ಮಡಲಾಗ ಬೆಳದಾಂವ, ಅಂವಗ ಹಂಗ ಅನಸತದ. ಅವ್ವಗ ಈ ಸುದ್ದಿ ತಡಕೊಳ್ಳಾಕ ಆಗ್ತಿದ್ದಿಲ್ಲ. ಹತ್ತೊಂಬತ್ತು ವರ್ಷ ಆಕಿಗೆ, ಕೈಯಾಗ ನಾನು. ಅದಕ್ಕ ಬರಲಿಲ್ಲ ಸುದ್ದಿ, ಛಲೋ ಆತು. ನಾನು ತಡಕೋತೀನಿ. ಕಳಸು."

"ಖರೇನ, ಅಪ್ಪಾ?"

"ನಾ ಎಂಬತ್ತಾರು ವರ್ಷದಾಂವ ಇದೀನಿ ರೇಣು. ಅಂವಗ ಇಪ್ಪತ್ನಾಕು. ನನ್ನ ಮೊಮ್ಮಗಗಿಂತ ಸಣ್ಣಾಂವ. ಅಂಥಾ ಹುಡುಗನ್ನ ನೀರಾಗ ಹೆಸರಿಲ್ಲದ ಬಿಟ್ಟರ ಹ್ಯಾಂಗ?"

ಊಟದ ಹೊತ್ತಿನ್ಯಾಗ ಕಳಸಿದೆ. ಇಪ್ಪತ್ತೆರಡು ಕಾಗದ, ಪುಟ ಸಂಖ್ಯಾ ಹಾಕಿ, ಮ್ಯಾಲ ಸೂಚಿ. ಇಷ್ಟ ಚಂದ ಫೈಲ್ ಸರ್ವಿಸಿನ್ಯಾಗ ಮಾಡಿದ್ದಿಲ್ಲ.

೧೭ ಏಪ್ರಿಲ್, ಗುರುವಾರ

ಇಲ್ಲ ಅಂದಾರ.

ಸಭ್ಯ ಭಾಷಾ. ಜೇಲಿನ ಶುಂಕರಪಾ, ನಿಮ್ಮ ಸಂಕಪ್ಪ ಇಬ್ಬರೂ ಒಬ್ಬರ ಅನ್ನಾಕ ಆಧಾರ ಸಾಲದು. ಹೆಚ್ಚಿನ ಪುರಾವೆ ಸಿಕ್ಕರೆ ಮತ್ತೆ ಬರೆಯಿರಿ.

ಬಸ್ಸಿನ್ಯಾಗ ನಿಂತಲ್ಲೇ ಅತ್ತುಬಿಟ್ಟೆ. ಬಾಜೂದಾಕಿ ಸೀಟ ಬಿಟ್ಟು ಕೊಟ್ಟಳು.

೧೮ ಏಪ್ರಿಲ್, ಶುಕ್ರವಾರ

ಅಳೂದ ಮುಗೀತು. ಅವರು ಹೇಳಿದ್ದು ಸರಿ ಅದ. ನಾನ ಆ ಟೇಬಲ್ಲಿಗೆ ಕೂತಿದ್ರೂ ಅದನ್ನ ಬರೀತಿದ್ದೆ. ಏನ ಕಡಿಮಿ ಆಗೇದ?

೨೧ ಏಪ್ರಿಲ್, ಸೋಮವಾರ

ಕಡಿಮಿ ಆದದ್ದು ಸಿಕ್ತು! ರೆಕಾರ್ಡ್ ರೂಮಿನ್ಯಾಗ ೧೯೯೦ರ ರಜಿಸ್ಟರ್ ತಗದು ಟೇಬಲ್ ಮ್ಯಾಲ ಅಗಲಿಸಿ ಇಟ್ಟೆ. ಎಡಪುಟದಾಗ ಹೆಸರು, ಊರು, ವಯಸ್ಸು. ಬಲಪುಟದಾಗ ಅದ ಹುಡುಗನ ಸರ್ಟಿಫಿಕೇಟ್ ನಂಬರ್, ಗುರುತು, ಶೇರಾ. ಯಾವ ದೊಡ್ಡ ರಜಿಸ್ಟರ್ ಆದ್ರೂ ಎರಡು ಪುಟ ಕೂಡಿ ಒಂದ ಸಾಲು!

ಡರ್ಬನ್‌ದಾಕಿ ಎಡಪುಟ ಅಷ್ಟ ಕಳಸ್ಯಾಳ.

ಕಂಪನಿ ಕಾಗದದಾಗ ಮುತ್ಯಾನ ಹೆಸರಿನ ತೆಳಗ ಖಲಾಸಿ ಪುಸ್ತಕದ, ಅಂದ್ರ ಹಡಗಿನ ಆಳಿಗೆ ಕೊಡೂ ಗುರುತಿನ ಪುಸ್ತಕದ, ನಂಬರ್ ಅದ. ೩೮೧೭೨. ಜೇಲಿನವರು ಒಳಗ ಹಾಕೂ ಮುಂದ ಆ ಪುಸ್ತಕ ಕಸಗೊಂಡಿರಬೇಕು. ಕಸಗೊಂಡ್ರ ಬರಕೊಂಡಿರಬೇಕು.

ಅಲ್ಲೇ ನಿಂತ ಮೇಲ್ ಬರದೆ. ದಯಮಾಡಿ ಬಲಪುಟ.

೧೯ ಮೇ, ಸೋಮವಾರ

ನಾಕ ವಾರ ಬರದಿಲ್ಲ. ಅಪ್ಪ ದವಾಖಾನ್ಯಾಗ ಇದ್ದ. ಎದೀಗೆ ನೀರು. ನಾಕ ದಿನ ಐಸಿಯು. ಮಾಂತು ದೌಂಡದಿಂದ ದಿನಾ ಬಂದು ಹೋದ. ಒಂದ ಮಾತ ಆಡಲಿಲ್ಲ ಹಡಗಿನದು. ಮನೀಗೆ ಬಂದ್ವಿ ನಿನ್ನೆ. ಇನ್ನ ಮನ್ಯಾಗ ಆಕ್ಸಿಜನ್ ಮಷಿನ್.

ಮಾಸ್ಕ್ ತಗದ ಕೂಡ್ಲೆ ಮೊದಲ ಮಾತು: "ಬಲಪುಟ ಬಂತೇನ?"

ಬಂದಿಲ್ಲ. ಡರ್ಬನ್‌ನಾಗ ಕಚೇರಿ ಬಣ್ಣಾ ಹಚ್ಚಾಕ ಮುಚ್ಚೇದಂತ.

"ತಡೀತೀನಿ," ಅಂದ.

೩೧ ಮೇ, ಶನಿವಾರ

ಶಾಲು, ತೆಂಗಿನಕಾಯಿ, ಭಾಷಣ. ಮೂವತ್ತೊಂದು ವರ್ಷ ಮುಗೀತು. ಪ್ರಿನ್ಸಿಪಾಲರು ಮೈಕಿನ್ಯಾಗ, ಇವರಿಲ್ಲದ ನಮ್ಮ ಹಳೇ ರಜಿಸ್ಟರ್ ಅನಾಥ ಅಂದ್ರು. ಎಲ್ಲಾರೂ ನಕ್ಕರು, ನಾನೂ. ಕೀಲಿ ಕೊಟ್ಟ ಬಂದೆ. ಬಸ್ಸಿನ್ಯಾಗ ಸೀಟ ಸಿಕ್ತು.

೪ ಜೂನ್, ಬುಧವಾರ

ಬಲಪುಟ.

ಮೂರನೇ ಕಾಲಂ. ಶಾಯಿ ಹಾರೇದ, ಆದ್ರ ಓದಾಕ ಬರತದ. ನಾನ ಓದಲಿಲ್ಲ. ಫೋಟೋ ದೊಡ್ಡದ ಮಾಡಿ ಅಪ್ಪನ ಕೈಯಾಗ ಕೊಟ್ಟೆ. ಇಂಗ್ಲಿಷ್ ಅಂಕಿ ಅವಗ ಗೊತ್ತು, ಎಂಜಿನ್ ನಂಬರ್ ಓದಿ ಓದಿ.

ಬೆರಳ ಇಟ್ಟು ಒಂದೊಂದ ಓದಿದ. ಮೂರು. ಎಂಟು. ಒಂದು. ಏಳು.

ಎರಡು.

ಮನೋಹರ ಒಲಿ ಮ್ಯಾಲಿನ ಹಾಲ ಬಿಟ್ಟು ಓಡಿ ಬಂದ್ರು. ಹಾಲ ಉಕ್ಕಿತು. ಯಾರೂ ಎದ್ದ ಹೋಗಲಿಲ್ಲ.

ಮಧ್ಯಾಹ್ನ ಎರಡಕ್ಕ ಮತ್ತ ಅರ್ಜಿ ಹೋತು.

೨೦ ಜೂನ್, ಶುಕ್ರವಾರ

ಪಾಲಖಿ ಬಂದದ, ಊರ ತುಂಬ ಯಾತ್ರಾ ಹೊಂಟ ವಾರಕರಿಗಳು, ಬಸ್ ಬಂದ್. ಔಷಧಿ ತರಾಕ ನಡಕೋತ ಹೋಗಿ ಬಂದೆ. ಉತ್ತರ ಇಲ್ಲ. ದಿನಾ ಮೂರು ಸಲ ನೋಡತೀನಿ. ಮತ್ತ ಇಲ್ಲ ಅಂದ್ರ ಮತ್ತೂ ಬರೀತೀನಿ. ರಿಟೈರ್ ಆಗೇನಿ, ಹೊತ್ತ ಭಾಳ ಅದ.

೮ ಜುಲೈ, ಮಂಗಳವಾರ

ಒಪ್ಪ್ಯಾರ.

ಸಂಕಪ್ಪ ನಿಜಲಿಂಗಪ್ಪ. ಎಸ್.ಎಸ್. ಕೆಲ್‌ಬ್ರೂಕ್. ೧೧ ಜುಲೈ ೧೯೪೨. ವಯಸ್ಸು ೨೪. ಕರ್ತವ್ಯದಲ್ಲಿದ್ದಾಗ ಮರಣ. ಸತ್ತವರ ಪಟ್ಟಿಗೆ ಸೇರಸ್ತಾರಂತ. ಆಲ್ವರ್ಟನ್ ಹಡಗಿನ ‘ಡೆಸರ್ಟೆಡ್’ ಶೇರಾ ತಿದ್ದೂದು ಅವರ ಕೈಯಾಗ ಇಲ್ಲಂತ. ಇರಲಿ. ಅದಕ್ಕ ಬ್ಯಾರೆ ಅರ್ಜಿ ಹಾಕ್ತೀನಿ.

ಅಪ್ಪಗ ಓದಿ ಹೇಳ್ದೆ. ಹೂಂ ಅಂದ. ನಳಿಕಿ ಮೂಗಿನಾಗ ಇಟ್ಕೊಂಡ ಕಿಟಕಿ ಕಡೆ ನೋಡಕೋತ ಕೂತ. ಅ‍ಳತಾನೇನ ಅಂತ ನೋಡಿದೆ. ಇಲ್ಲ. ಆಮ್ಯಾಲ ತನ್ನ ಫೋನ್ ಕೇಳ್ದ. ದೊಡ್ಡ ಗುಂಡಿ ಇರೂ ಫೋನು.

ಮೊದಲ ಹಚ್ಚಿದ್ದು ಮಾಂತುಗ.

"ಮಾಂತು, ನಮ್ಮಪ್ಪ ತೀರಿಕೊಂಡ."

ಆ ಕಡೆ ಏನಂದ್ನೋ. ಅಪ್ಪ ಅಂದ, "ನಲವತ್ತೆರಡರಾಗ ತೀರಿಕೊಂಡಾನ. ಸುದ್ದಿ ಇವತ್ತ ಬಂತು."

ಆಮ್ಯಾಲ ಇಂಡಿ ಕಡೇ ಮಂದಿಗೆ. ಒಬ್ಬೊಬ್ಬರಿಗೂ ಅದ ಮಾತು. ನಮ್ಮಪ್ಪ ತೀರಿಕೊಂಡಾನ್ರಿ, ಸುದ್ದಿ ಇವತ್ತ ಬಂತು. ಯಾರ ಮನ್ಯಾಗರೆ ಸಾವಾದ್ರ ಹ್ಯಾಂಗ ಹೇಳ್ತಾರೋ ಹಂಗ. ಸಣ್ಣ ದನಿ, ಅವಸರ ಇಲ್ಲ. ನಡುನಡುವ ಉಸರಿಗೆ ನಿಂತು. ಕೊನೀಗೆ ದೌಂಡದ ಪಂಢರಿನಾಥ ಕಾಕಾಗ. ಅಪ್ಪ ಡ್ರೈವರ್ ಇದ್ದಾಗ ಅವರು ಫೈರ್‌ಮನ್. ಅವರಿಗೆ ಮರಾಠಿಯೊಳಗ ಹೇಳ್ದ.

ಫೋನ್ ನನ್ನ ಕೈಗೆ ಕೊಟ್ಟು, "ನಾಳೆ ಒಲಿ ಹಚ್ಚಬ್ಯಾಡ," ಅಂದ.

೯ ಜುಲೈ, ಬುಧವಾರ. ಮುಂಜಾನೆ ಹನ್ನೊಂದು

ಒಲಿ ಹಚ್ಚಿಲ್ಲ. ಎದುರು ಮನಿ ಅಂಬಾಬಾಯಿ ಪಿಠಲ, ಭಾಕರಿ ತಂದ ಇಟ್ಟ ಹೋದ್ರು. ಯಾರು ಹೋದ್ರು ಅಂತ ಕೇಳಿದ್ರು. ನನ್ನ ಮುತ್ಯಾ ಅಂದೆ. ವಯಸ್ಸು ಎಷ್ಟಿತ್ತು ಅಂದ್ರು. ಇಪ್ಪತ್ನಾಕು ಅಂದೆ. ನನ್ನ ಬಿಳಿ ಕೂದಲಾ ನೋಡಿದ್ರು, ಮತ್ತ ಕೇಳಲಿಲ್ಲ. ಕೈ ಒತ್ತಿ ಹೋದ್ರು.

ಮಾಂತು ಏಳಕ್ಕ ಬಂದ. ಬಂದಾಂವ ಸೀದಾ ಹೋಗಿ ಅಪ್ಪನ ಕಾಲ ಹತ್ರ ಕೂತ. ಅಪ್ಪ ಅವನ ತಲೀ ಮ್ಯಾಲ ಕೈ ಇಟ್ಟ. ಋಷಿಕೇಶ ಸರ್ ಬಿಳಿ ಅಂಗಿ ಹಾಕ್ಕೊಂಡ ಬಂದು ಮೂಲ್ಯಾಗ ಕೂತಾರ, ಎರಡು ತಾಸಾತು.

ಇಂಡಿಯಿಂದ ಜೀಪ್ ಬಿಟ್ಟದಂತ ಫೋನ್ ಬಂತು. ‘ಓಡಿಹೋದವನ ಮಗ’ ಅಂತಿದ್ದ ಮನಿತನದವರೂ ಅದರಾಗ ಇದ್ದಾರಂತ.

ಬೆಲ್ ಆತು. ಪಂಢರಿನಾಥ ಕಾಕಾ. ಒಬ್ಬರ ಅಲ್ಲ. ದೌಂಡ ಶೆಡ್ಡಿನ ಹಳೇ ಮಂದಿ, ಆರೇಳು ಜನ, ಬಿಳಿ ಟೊಪಿಗಿ. ಲಿಫ್ಟಿನ್ಯಾಗ ಒಮ್ಮೆಲೆ ಹಿಡಿಯಲಿಲ್ಲಂತ ಮೆಟ್ಟಲ ಹತ್ತಿ ಬಂದು ಏದುಸಿರ ಬಿಡಾಕತ್ತಾರ. ಅಪ್ಪ ನಳಿಕಿ ತಗದು ಎದ್ದ ನಿಂತಾನ. ಕೂಡಪಾ ಅಂದ್ರ ಕೇಳವಲ್ಲ. ಕಾಕಾ ಬಂದು ಎರಡೂ ಕೈ ಹಿಡಕೊಂಡು, ಹ್ಯಾಂಗಾತು ನಿಜಲಿಂಗಪ್ಪಾ ಅಂತ ಕೇಳಿದ್ರು. ಎಲ್ಲಾರೂ ನೆಲದ ಮ್ಯಾಲ ಕೂತ್ರು. ಅಪ್ಪನೂ ಕೂತ. ಉಟ್ಟ ಅರಬಿ ಸರಿ ಮಾಡ್ಕೊಂಡ. ಹೇಳಾಕತ್ತಾನ, "ನಮ್ಮಪ್ಪಗ ಆವಾಗ ಇಪ್ಪತ್ನಾಕು ವರ್ಷ. ಡರ್ಬನ್ ಅಂತ ಊರು. ದೋಣಿ ಕೊಳತಾವ, ಒಲಿ ಹಚ್ಚಾಂಗಿಲ್ಲ ಅಂತ ನಿಂತ ಹೇಳಿದಾಂವ ನಮ್ಮಪ್ಪ."